ಎಜುಸ್ಯಾಟ್: ಪಾಠಕ್ಕೆಂದೇ ಹಾರಿದ ಉಪಗ್ರಹ

ಜಿಸ್ಯಾಟ್-3 ಎಂದೂ ಕರೆಯುವ ಎಜುಸ್ಯಾಟ್, ಶಿಕ್ಷಣಕ್ಕೆಂದೇ ರೂಪಿಸಿದ ಭಾರತದ ಮೊದಲ ಉಪಗ್ರಹ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್01 ರಾಕೆಟ್ ಇದನ್ನು ಹೊತ್ತೊಯ್ದಿತು. ತೂಕ ಸುಮಾರು 1,950 ಕೆ.ಜಿ.

ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತನ್ನ ಸುತ್ತ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವುದರಿಂದ ಎಜುಸ್ಯಾಟ್‌ನಂಥ ಭೂಸ್ಥಿರ ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುತ್ತದೆ. ಹಾಗಾಗಿ ಶಾಲೆಯ ಡಿಶ್ ಅನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ತರಗತಿಗಳು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಪಾಠಗಳು ಎಜುಸ್ಯಾಟ್ ಜಾಲದಲ್ಲಿ ಬಿತ್ತರವಾದವು. ಹಳ್ಳಿ ಮಕ್ಕಳಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು.

ಭಾರತದ ಇಂಥ ಭೂಸ್ಥಿರ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಎರಡನೆಯದು ಭೋಪಾಲದಲ್ಲಿ. ಉಡಾವಣೆ ಶ್ರೀಹರಿಕೋಟಾ, ನಿಯಂತ್ರಣ ಹಾಸನ: ಇವೆರಡನ್ನು ಅದಲುಬದಲು ಮಾಡಬೇಡಿ.