ಒಲೆಯ ಕೆಂಡದಲ್ಲಿ ಬಾಳೆಹಣ್ಣಿನ ಸಿಹಿ

ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ರೈತರ ಮನೆಗಳಲ್ಲಿ ಒಂದು ಪದ್ಧತಿ ಇದೆ. ಒಳ್ಳೆಯ ಹಣ್ಣು ಪೇಟೆಗೆ, ಸಿಪ್ಪೆ ಕಪ್ಪಾದದ್ದು ತಿಪ್ಪೆಗೆ. ವ್ಯಾಪಾರಿ ಬೇಡವೆಂದ ಬಾಳೆಯ ಚಿಪ್ಪುಗಳನ್ನು ನಾವೂ ಎಷ್ಟೋ ಸಲ ದನಕ್ಕೆ ಹಾಕಿದ್ದೇವೆ. ಆದರೆ ಸಿಪ್ಪೆ ಕಪ್ಪಾದ ಮಾತ್ರಕ್ಕೆ ತಿರುಳು ಕೆಟ್ಟಿತೆಂದಲ್ಲ. ಕಾಯಿಯಲ್ಲಿದ್ದ ಪಿಷ್ಟವು ಮಾಗುತ್ತ ಸಕ್ಕರೆಯಾಗುವುದರಿಂದ ಅಂಥ ಹಣ್ಣೇ ಹೆಚ್ಚು ಸಿಹಿ. ಹುಳಿವಾಸನೆ, ಬೂಷ್ಟು ಇಲ್ಲದಿದ್ದರೆ ಅದರಿಂದ ಮಕ್ಕಳಿಗೆ ಒಳ್ಳೆಯ ತಿಂಡಿಯಾಗುತ್ತದೆ.

ಇಂಗ್ಲೆಂಡಿನವರು ಸೇಬಿನ ಹೋಳುಗಳ ಮೇಲೆ ಗೋಧಿಹಿಟ್ಟು, ಬೆಣ್ಣೆ, ಸಕ್ಕರೆಯ ಪುಡಿ ಉದುರಿಸಿ ಬೇಯಿಸುತ್ತಾರೆ. ನಮಗೆ ಸೇಬೇಕೆ? ಆರು ಬಾಳೆಹಣ್ಣಿಗೆ 100 ಗ್ರಾಂ ರಾಗಿಹಿಟ್ಟು, 75 ಗ್ರಾಂ ಪುಡಿಬೆಲ್ಲ, 50 ಗ್ರಾಂ ತುಪ್ಪ, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಬೀಜ ಒಂದು ಹಿಡಿ ಸಾಕು. ಹಿಟ್ಟನ್ನು ಮೊದಲು ಘಮ್ಮೆನ್ನುವವರೆಗೆ ಹುರಿದು ಆರಿಸಿಕೊಳ್ಳಬೇಕು. ಆಮೇಲೆ ಎಲ್ಲವನ್ನೂ ಬೆರಳ ತುದಿಯಲ್ಲಿ ತಿಕ್ಕಿ ಮರಳಿನಂತೆ ಮಾಡತಕ್ಕದ್ದು. ನೀರು ಹಾಕಿದರೆ ಮುದ್ದೆಯಾದೀತು. ಮುದ್ದೆ ನಮಗೆ ದಿನವೂ ಇದ್ದೇ ಇದೆ! ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ, ಬೆರಳು ದಪ್ಪದ ಹೋಳುಗಳನ್ನು ಹರಡಿ, ಅರ್ಧ ನಿಂಬೆಹಣ್ಣು ಹಿಂಡಿ, ಪುಡಿಯನ್ನು ಒತ್ತದೆ ಮೇಲೆ ಉದುರಿಸಬೇಕು.

ಇನ್ನು ಬೆಂಕಿ. ಕೆಳಗಿನ ಶಾಖದಿಂದ ಹಣ್ಣು ಬೇಯುತ್ತದೆ. ಪುಡಿ ಗರಿಗರಿಯಾಗಲು ಶಾಖ ಮೇಲಿನಿಂದಲೇ ಬರಬೇಕು. ಆದುದರಿಂದ ಉರಿ ಆರಿದ ಮೇಲೆ ಒಲೆಯಲ್ಲಿ ಒಂದು ಪಾಲು ಕೆಂಡ ಉಳಿಸಿ, ಎರಡು ಪಾಲನ್ನು ಕಬ್ಬಿಣದ ಮುಚ್ಚಳದ ಮೇಲೆ ಹರಡತಕ್ಕದ್ದು. ಮೊದಲ ಸಲ ನಾವು ಇದನ್ನು ತಿರುವುಮುರುವು ಮಾಡಿ ತಳ ಸೀಯಿಸಿದೆವು, ಮೇಲಿನ ಪುಡಿ ಪುಡಿಯಾಗಿಯೇ ಉಳಿಯಿತು. ಅರ್ಧ ಗಂಟೆಯ ಹೊತ್ತಿಗೆ ಅಂಚಿನಲ್ಲಿ ಪಾಕ ಕುದಿಯುವುದು ಕಂಡರೆ ಇಳಿಸಬಹುದು. ಬಾಗಿಲು ಕಿಟಕಿ ತೆರೆದಿರಲಿ; ಕೆಂಡದ ವಿಷಾನಿಲಕ್ಕೆ ವಾಸನೆಯಿಲ್ಲ.

ಕಡಲೆಬೀಜದ ವಿಷಯದಲ್ಲಿ ಮಾತ್ರ ತಾಯಂದಿರು ಬಿಗಿಯಾಗಿರಬೇಕು. ಗಟ್ಟಿ ಬೀಜವನ್ನು ಮಾರಿ, ಮುದುರಿದ್ದು ಬಣ್ಣಗೆಟ್ಟದ್ದನ್ನು ಅಡಿಗೆಮನೆಗೆ ಉಳಿಸುವುದುಂಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಆ ತನಿಖೆಯಿಂದಲೇ ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾಯಿತು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಬೀಜ ಮಕ್ಕಳಿಗೂ ಬೇಡ, ಹಿಂಡಿಯ ರೂಪದಲ್ಲಿ ದನಕ್ಕೂ ಬೇಡ.

ಬಾಳೆ ಇಲ್ಲದಾಗ ಮಾವು, ಸೀಬೆ ನಡೆಯುತ್ತವೆ. ಗುಡ್ಡದ ಸೀತಾಫಲವನ್ನು ಮಾತ್ರ ಬೆಂಕಿಗೆ ಇಡಬೇಡಿ, ಕಾದರೆ ಕಹಿಯಾಗುತ್ತದೆ.