ವಾರ್ತಾಶ್ರವಣ ಮತ್ತು ಮನಸ್ಸಿನ ಸ್ವಾಸ್ಥ್ಯ



2020ನೆಯ ಇಸವಿಯ ಮಾರ್ಚ್ 10ರಂದು ನಮ್ಮ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಎರಡು ದಿನಗಳ ತರುವಾಯ ಅದು ಕೊರೋನಾ ವ್ಯಾಧಿಯಿಂದಾದ ಮರಣವೆಂದು, ಭಾರತದಲ್ಲಿಯೇ ಮೊದಲನೆಯದೆಂದು ದೃಢಪಟ್ಟಿತು. ಅಂದಿನಿಂದ ನಮ್ಮ ಊರಿನ ಹೆಸರು ವಾರ್ತಾವಾಹಿನಿಗಳಲ್ಲಿ ಹಗಲಿರುಳೂ ಕೇಳಿಬರತೊಡಗಿತು.

ನಮ್ಮ ತೀರ್ಥರೂಪರು ಅರ್ಚಕ ವೃತ್ತಿಯವರು. ದೇವಾಲಯಗಳಿಗೆ ಭಕ್ತರ ಪ್ರವೇಶ ನಿಂತಮೇಲೆ ಅವರಿಗೆ ಜೀವಮಾನದಲ್ಲಿ ಎಂದೂ ಇಲ್ಲದ ಬಿಡುವು ದೊರೆಯಿತು, ಅದೆಲ್ಲವೂ ಟಿ.ವಿ.ಯ ಮುಂದೆ ವ್ಯಯವಾಯಿತು. ಸಂಧ್ಯಾವಂದನೆಗೆ ಕುಳಿತಾಗಲೂ ಕಿವಿ ಪಡಸಾಲೆಯಲ್ಲಿಯೇ. ಅರ್ಘ್ಯ ಎಷ್ಟಾಯಿತೆಂದು ಮರೆತು ನನ್ನನ್ನು ಕೇಳಿದ ದಿನವೂ ಉಂಟು. ರಾತ್ರಿ ನಿದ್ರೆಯಿಲ್ಲ, ಎದೆಬಡಿತ, ಅನ್ನದಲ್ಲಿ ಅರುಚಿ. ವೈದ್ಯರು ಪರೀಕ್ಷಿಸಿ ದೇಹದಲ್ಲಿ ದೋಷವಿಲ್ಲವೆಂದರು.

ಕಮಲಾಪುರದಲ್ಲಿರುವ ನಮ್ಮ ಕಾಕಾ ಅವರಿಗೂ ರೋಗದ ಭಯವಿಲ್ಲದಿರಲಿಲ್ಲ. ಆದರೆ ಅವರು ಸಂಜೆ ಒಮ್ಮೆ ಆಕಾಶವಾಣಿಯ ವಾರ್ತೆ ಕೇಳಿ, ರೇಡಿಯೋ ಆರಿಸಿ, ಬಾಳೆಯ ತೋಟಕ್ಕೆ ಹೊರಟುಬಿಡುವರು. ಒಂದು ದಿನ ಫೋನಿನಲ್ಲಿ ತಂದೆಯವರಿಗೆ ಅವರೆಂದದ್ದು: “ಅಣ್ಣಾ, ಒಂದ ಸುದ್ದಿ ನಲವತ್ತ ಸಲ ಕೇಳಿದ್ರ ನಲವತ್ತ ಸುದ್ದಿ ಆಗತಾವೇನು?”

ಮನಸ್ಸಿನ ಮಟ್ಟಿಗೆ ಆಗುತ್ತವೆ ಎಂಬುದೇ ತೊಡಕು. ಅದೇ ದೃಶ್ಯ ಮರಳಿ ಕಂಡಾಗ ಬುದ್ಧಿಯು ಹಳೆಯದೆಂದು ಅರಿತರೂ ದೇಹವು ಹೊಸ ಅಪಾಯವೆಂಬಂತೆ ಎಚ್ಚತ್ತು ನಿಲ್ಲುತ್ತದೆ. 2013ರ ಏಪ್ರಿಲ್‌ನಲ್ಲಿ ಅಮೇರಿಕೆಯ ಬೋಸ್ಟನ್ ನಗರದಲ್ಲಿ ಓಟದ ಸ್ಪರ್ಧೆಯ ವೇಳೆ ಬಾಂಬುಗಳು ಸ್ಫೋಟಿಸಿದವು. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ, ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಕಾಲ ಆ ಸುದ್ದಿಯನ್ನೇ ನೋಡುತ್ತಿದ್ದವರಲ್ಲಿ, ಸ್ಥಳದಲ್ಲಿಯೋ ಸಮೀಪದಲ್ಲಿಯೋ ಇದ್ದವರಿಗಿಂತಲೂ ತೀವ್ರ ಮನಃಕ್ಲೇಶ ಕಂಡುಬಂದಿತು. ಚಿಂತೆಯ ಸ್ವಭಾವದವರೇ ಹೆಚ್ಚು ನೋಡಿರಬಹುದಲ್ಲವೇ ಎಂಬ ಪೂರ್ವಪಕ್ಷ ಸಹಜ. ಸಂಶೋಧಕರು ಪೂರ್ವದ ಮನೋವ್ಯಾಧಿಗಳನ್ನೂ ಗಣನೆಗೆ ತೆಗೆದುಕೊಂಡಿದ್ದರು. ಚಿಂತೆಯಿಂದ ನೋಡುವುದು, ನೋಡುವುದರಿಂದ ಚಿಂತೆ ಎಂದು ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂದೇ ನನಗೆ ತೋರುತ್ತದೆ.

ಹಾಗಾದರೆ ಲೋಕವಾರ್ತೆಯೇ ಬೇಡವೇ? ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್‌ನಲ್ಲಿಯೇ, ದಿನಕ್ಕೆ ಒಂದೆರಡು ಬಾರಿ ಗೊತ್ತಾದ ವೇಳೆಯಲ್ಲಿ, ನಂಬತಕ್ಕ ಮೂಲದಿಂದ ಮಾತ್ರ ಸುದ್ದಿ ತಿಳಿಯಿರೆಂದು ಹೇಳಿತ್ತು. ಕಾಕಾ ಅವರು ಅದನ್ನು ಓದಿದವರಲ್ಲ. ಶ್ರವಣದ ಬಳಿಕ ಮನನವೆಂಬ ಕ್ರಮ ನಮಗೆ ಪಾಠಶಾಲೆಯ ಮೊದಲ ದಿನಗಳಿಂದ ಪರಿಚಿತ. ಕೇಳಿದ್ದನ್ನು ವಿಮರ್ಶಿಸುವಷ್ಟರಲ್ಲಿ ಬೆರಳು ಮುಂದಿನದಕ್ಕೆ ಸರಿದಿರುವ ಮೊಬೈಲಿನಲ್ಲಿ ಆ ಎರಡನೆಯ ಮೆಟ್ಟಿಲೇ ಇಲ್ಲ.

ಭಯವು ನೋಡಿದವನಲ್ಲಿಯೇ ನಿಂತಿದ್ದರೆ ಹಾನಿ ಅಲ್ಪವಾಗುತ್ತಿತ್ತು. 2018ರ ಜುಲೈನಲ್ಲಿ, ನಮ್ಮ ನೆರೆಯ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ನಿರಪರಾಧಿ ಯುವಕನೊಬ್ಬನನ್ನು ಹೊಡೆದು ಕೊಂದಿತು. ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ತಂದದ್ದು ಇಂಥ ಹತ್ಯೆಗಳ ಬಳಿಕವೇ. ಮುಂದೂಡಿದವರಲ್ಲಿ ಬಹುಮಂದಿ ಮಕ್ಕಳ ಹಿತವನ್ನೇ ಬಯಸಿದ ಗೃಹಸ್ಥರಿದ್ದಿರಬೇಕು. ನನ್ನನ್ನು ಹೆಚ್ಚು ಬಾಧಿಸುವುದು ಇದೇ.

ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಮುಂದೆ ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳಧಾನ್ಯ ಎಂದು ಬಿಡುವ ಮನೆಗಳು ನಮ್ಮವು. ಆ ವರ್ಷ ಶಾಕವ್ರತ ಆರಂಭವಾದ ದಿನ ತಾಯಿಯವರೇ ಮಾತೆತ್ತಿದರು: ಸುದ್ದಿ ಸಂಜೆ ಏಳರಿಂದ ಏಳೂವರೆ, ರಾತ್ರಿ ಊಟದ ನಂತರ ಎಲ್ಲರ ಮೊಬೈಲೂ ಅಡಿಗೆಮನೆಯ ಗೂಡಿನಲ್ಲಿ. ಮೊದಲ ವಾರ ತಂದೆಯವರು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋಗುವುದು ಹೆಚ್ಚಾಯಿತು. ನಾನೂ ಹೋಗುತ್ತಿದ್ದೆ. ಮೂರನೆಯ ವಾರದ ಒಂದು ಬೆಳಗ್ಗೆ ಅವರು ಏಳುವುದು ತಡವಾಯಿತೆಂದು ತಾಯಿಯವರು ಗಾಬರಿಯಿಂದ ಹೋಗಿ ನೋಡಿದರೆ, ಗಾಢನಿದ್ರೆಯಲ್ಲಿದ್ದರು.