‘ಜೀತ’ ಶಬ್ದದ ಅರ್ಥವಿಚಾರ

ನಾಯಂಡಹಳ್ಳಿಯ ನಮ್ಮ ಶಾಲೆಯಲ್ಲಿ ಒಂದು ದಿನ ತತ್ಸಮ-ತದ್ಭವಗಳ ಪಾಠ ನಡೆದಿತ್ತು. ‘ಜೀವಿತ’ದ ತದ್ಭವ ‘ಜೀತ’ ಎಂದು ಹಲಗೆಯ ಮೇಲೆ ಬರೆದೆನು. ಬಾಲಕನೊಬ್ಬನು ಎದ್ದು ನಿಂತು, “ಗುರುಗಳೇ, ಜೀವಿತವೆಂದರೆ ಬದುಕಲ್ಲವೇ? ನಮ್ಮ ತಾತ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದರಂತೆ. ಅದು ಬದುಕು ಹೇಗಾಯಿತು?” ಎಂದು ಕೇಳಿದನು. ಸೂತ್ರ ಹೇಳಿ ಅವನನ್ನು ಕುಳ್ಳಿರಿಸಬಹುದಿತ್ತು; ಮನಸ್ಸು ಒಪ್ಪಲಿಲ್ಲ. ಅವನಿಗೆ ಸಲ್ಲಬೇಕಾದ ಉತ್ತರವನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

‘ಜೀವಿತ’ಕ್ಕೆ ಬದುಕೆಂಬುದು ಮುಖ್ಯಾರ್ಥ, ಬದುಕಿಗೆ ಆಧಾರವಾದ ವೃತ್ತಿ ಎಂಬುದು ಅದರಿಂದ ಬೆಳೆದ ಅರ್ಥ. ಸೇವೆ ಸಲ್ಲಿಸಿದವನ ಜೀವನಕ್ಕೆಂದು ಬಿಟ್ಟ ಭೂಮಿಯನ್ನು ಶಾಸನಗಳು ‘ಜೀವಿತ’ವೆನ್ನುತ್ತವೆ. ಹಿಂದಿನ ಕನ್ನಡದಲ್ಲಿ ‘ಜೀತ’ವೆಂದರೆ ವೇತನ. ನೆರೆಯ ತೆಲುಗಿನಲ್ಲಿ ಇಂದಿಗೂ ತಿಂಗಳ ಸಂಬಳಕ್ಕೆ ‘ಜೀತಂ’ ಎನ್ನುವರು. ಅಲ್ಲಿ ದೊಡ್ಡ ಅಧಿಕಾರಿಯೂ ಜೀತ ಪಡೆಯುವವನೇ. ಕನ್ನಡದಲ್ಲಿಯಾದರೋ ಅದು ದಾಸ್ಯವಾಚಕವಾಯಿತು. ಭಾಷಾಶಾಸ್ತ್ರಜ್ಞರು ಇದನ್ನು ಹೀನಾರ್ಥಪ್ರಾಪ್ತಿ ಎನ್ನುತ್ತಾರೆ. ಆದರೆ ಹೀನವಾದದ್ದು ಪದವಲ್ಲ, ವ್ಯವಹಾರ. ಮದುವೆಗೋ ಮದ್ದಿಗೋ ಪಡೆದ ಮುಂಗಡವು ಸಾಲವಾಯಿತು. ದುಡಿಮೆಯ ಫಲವು ಬಡ್ಡಿಗೆ ಸಂದಿತು. ತಂದೆಯ ಸಾಲಕ್ಕೆ ಮಗನು ನಿಂತನು. ವೇತನವು ಮಾಯವಾಗಿ ಅದರ ಹೆಸರು ಮಾತ್ರ ಉಳಿಯಿತು.

ಇದರ ಜೊತೆಗೆ ‘ಬಿಟ್ಟಿ’ ಶಬ್ದವನ್ನೂ ನೋಡಬೇಕು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಇದಕ್ಕೆ ಕೂಲಿಯಿಲ್ಲದ ಬಲವಂತದ ದುಡಿಮೆ ಎಂದರ್ಥ. ಇಂದು ‘ಬಿಟ್ಟಿ ಸಿಕ್ಕಿತು’ ಎಂದು ಹಿಗ್ಗುತ್ತೇವೆ. ದುಡಿದವನ ನೋವು ಅಳಿಸಿಹೋಗಿ, ಪಡೆದವನ ಲಾಭವಷ್ಟೇ ಆ ಪದದಲ್ಲಿ ನಿಂತಿದೆ.

ಸಂವಿಧಾನದ ೨೩ನೆಯ ಅನುಚ್ಛೇದವು ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ೧೯೭೫ರ ಅಕ್ಟೋಬರ್ ೨೫ರಿಂದ ಅನ್ವಯವಾಗುವಂತೆ ಬಂದ ೧೯೭೬ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮವು ಜೀತವನ್ನೂ ಅದರ ಸಾಲವನ್ನೂ ಅಳಿಸಿತು. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೨ರಲ್ಲಿ ತೀರ್ಪಿತ್ತಿತು. ವೇತನವು ತಪ್ಪಿದಲ್ಲಿ ಬಂಧನವು ತೊಡಗುವುದೆಂಬ ಸತ್ಯವನ್ನು ನಮ್ಮ ಪದದ ಚರಿತ್ರೆಯೂ ಹೇಳುತ್ತದೆ.

ಶರಣಪರಂಪರೆಯ ನಮಗೆ ಇದರಲ್ಲೊಂದು ಎಚ್ಚರಿಕೆಯಿದೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಹೆಚ್ಚಿನದನ್ನು ಒಲ್ಲೆನೆಂಬುದು ದುಡಿಯುವವನ ವ್ರತ. ಕಡಿಮೆ ಕೊಡಲು ದುಡಿಸುವವನಿಗೆ ಅದು ಅಪ್ಪಣೆಯಲ್ಲ. ಅಡುಗೆಯವನಿಗೆ, ಕಸ ಗುಡಿಸುವವಳಿಗೆ, ತಾತ್ಕಾಲಿಕ ಶಿಕ್ಷಕನಿಗೆ ಸಲ್ಲಬೇಕಾದುದನ್ನು ತಡೆದು “ಕಾಯಕವೆಂದು ಮಾಡಿರಿ” ಎಂದರೆ, ‘ಕಾಯಕ’ವೆಂಬ ಪವಿತ್ರ ಶಬ್ದಕ್ಕೂ ‘ಜೀತ’ಕ್ಕೆ ಬಂದ ಗತಿಯೇ ಬಂದೀತು. ಅದು ಬಾರದಂತೆ ನೋಡಿಕೊಳ್ಳುವ ಹೊಣೆ ಶಿಕ್ಷಕರಾದ ನಮ್ಮದು, ದಾನಿಗಳಾದ ತಮ್ಮದು.

ಮರುದಿನ ಆ ಬಾಲಕನಿಗೆ ಇಷ್ಟು ಹೇಳಿದೆನು: “ಮಗು, ನಿನ್ನ ತಾತನವರಿಗೆ ಸಲ್ಲಬೇಕಾಗಿದ್ದುದೇ ಆ ಪದದ ಮೊದಲ ಅರ್ಥ. ಅದನ್ನು ಕೊಡದವರು ನಾಚಬೇಕು, ನೀನಲ್ಲ.”